ನಾಲ್ಕರವರೆಗೆ ಎಣಿಸಿದ ನಾಯಕಿ

೧

ಎಲ್ಲಿಂದ ಶುರು ಮಾಡುವುದು ಎಂಬುದೇ ದೊಡ್ಡ ತಲೆನೋವು. ಸೂಟ್‌ಕೇಸಿನಿಂದ ಶುರು ಮಾಡಿದರೆ ನೀವು ನಗುತ್ತೀರಿ. ಒಂದು ಚಕ್ರ ಮುರಿದ ಕೆಂಪು ಸೂಟ್‌ಕೇಸು, ಅದನ್ನು ದರದರ ಎಳೆದುಕೊಂಡು ಗಂಡನ ಮನೆಯಿಂದ ಹೊರಟ ಹೆಂಡತಿ, ನಡುರಸ್ತೆಯಲ್ಲಿ ಸೂಟ್‌ಕೇಸು ಬಾಯಿಬಿಟ್ಟು ಒಳಗಿನ ಬಟ್ಟೆಯೆಲ್ಲ ಟ್ರಾಫಿಕ್ ಪೊಲೀಸನ ಮೈಮೇಲೆ. ನಗಲೆಂದೇ ಅದನ್ನು ಸಿನಿಮಾದಲ್ಲಿ ಇಟ್ಟದ್ದು. ಎರಡು ಸಲ ಹಾಗೇ ಶುರು ಮಾಡಿ ಹರಿದು ಹಾಕಿದೆ.

(ಹರಿದು ಹಾಕಿದೆ ಅನ್ನುವುದು ಮಾತಿನ ಠೀವಿ. ಲ್ಯಾಪ್‌ಟಾಪಿನಲ್ಲಿ ಹರಿಯುವುದೇನು ಬಂತು, ಡಿಲೀಟ್ ಒತ್ತಿದೆ ಅಷ್ಟೆ.)

ತುಟಿಗಳಿಂದ ಶುರು ಮಾಡುತ್ತೇನೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಒಬ್ಬ ನಾಯಕಿ ಅಳುತ್ತಿದ್ದಾಳೆ. ಕಣ್ಣಲ್ಲಿ ನೀರು, ಗಲ್ಲ ನಡುಗುತ್ತಿದೆ, ತುಟಿಗಳು ಅಲುಗುತ್ತಿವೆ. ಆಕೆ ಬೇರೆ ಭಾಷೆಯವಳು. ಶೂಟಿಂಗಿನ ಹೊತ್ತಿಗೆ ನಮ್ಮ ಭಾಷೆಯಲ್ಲಿ ಆಕೆಗೆ ಕಲಿಸಿದ್ದು ಒಂದರಿಂದ ನಾಲ್ಕು ಮಾತ್ರ. ಸಿಟ್ಟು ಬಂದರೆ ಜೋರಾಗಿ ಎಣಿಸಬೇಕು, ಪ್ರೀತಿ ಉಕ್ಕಿದರೆ ಮೆಲ್ಲಗೆ ಎಣಿಸಬೇಕು. ಮಾತುಗಳನ್ನು ಆಮೇಲೆ ತುಂಬಿಕೊಂಡರಾಯಿತು. ಹಾಗಾಗಿ ಪರದೆಯ ಮೇಲೆ ಗಂಡನ ಎದುರು ಬಿಕ್ಕಿ ಬಿಕ್ಕಿ ಅಳುತ್ತಿರುವ ಆ ಹೆಣ್ಣು ನಿಜವಾಗಿ ಹೇಳುತ್ತಿರುವುದು ಇಷ್ಟೇ: ಒಂದು ಎರಡು ಮೂರು ನಾಲ್ಕು.

೨

ಆ ಎಣಿಕೆಯ ಮೇಲೆ ಮಾತು ತುಂಬುವವಳು ನಮ್ಮ ಕತೆಯ ಹೆಂಗಸು. ಹತ್ತೊಂಬತ್ತು ವರ್ಷದಿಂದ ಕಂಠದಾನ ಮಾಡುತ್ತಿದ್ದಾಳೆ. ರಾಣಿಯಾಗಿದ್ದಾಳೆ, ದೆವ್ವವಾಗಿದ್ದಾಳೆ, ಲೆಕ್ಕವಿಲ್ಲದಷ್ಟು ನಾಯಕಿಯರಾಗಿದ್ದಾಳೆ. ಸ್ಟುಡಿಯೋದಲ್ಲಿ ಎಲ್ಲರೂ ಆಕೆಯನ್ನು ದನಿಯಕ್ಕ ಅನ್ನುತ್ತಾರೆ. ಬೀದಿಯಲ್ಲಿ ಆಕೆಯನ್ನು ಯಾರೂ ಗುರುತಿಸುವುದಿಲ್ಲ, ಆಟೋದವನಿಗೆ ದಾರಿ ಹೇಳಿದರೆ ಮಾತ್ರ ಅವನು ಹಿಂದೆ ತಿರುಗಿ ನೋಡುತ್ತಾನೆ.

ಡಬ್ಬಿಂಗ್ ಸ್ಟುಡಿಯೋ ಅಂದರೆ ಎರಡು ಕೋಣೆ, ನಡುವೆ ದಪ್ಪ ಗಾಜು. ಆಚೆ ಮೈಕು, ಎತ್ತರದ ಸ್ಟೂಲು, ಮಾತಿನ ಹಾಳೆ ಇಡುವ ಸ್ಟ್ಯಾಂಡು, ಪರದೆ. ಈಚೆ ನಿರ್ದೇಶಕರು, ಸೌಂಡಿನವನು, ಮತ್ತು ಸ್ಪ್ರಿಂಗ್ ಮೇಲೆದ್ದ ಸೋಫಾದಲ್ಲಿ ಸಂಭಾಷಣೆ ಬರೆದ ಮಹಾಶಯ. ಈಚೆಯವರು ಗುಂಡಿ ಒತ್ತಿದರೆ ಮಾತ್ರ ಆಚೆಯವಳಿಗೆ ಇವರ ಮಾತು ಕೇಳಿಸುತ್ತದೆ. ಇವರು ಮೈಕು ಆರಿಸಿದರೆ ಆಕೆಯ ತುಟಿ ಅಲುಗುವುದಷ್ಟೇ ಕಾಣುತ್ತದೆ.

ಆ ಕಸುಬಿನ ಒಂದು ಗುಟ್ಟು ಹೇಳಿಬಿಡುತ್ತೇನೆ. ಪ, ಬ, ಮ. ಉಳಿದ ಅಕ್ಷರಗಳಲ್ಲಿ ಪ್ರೇಕ್ಷಕರ ಕಣ್ಣಿಗೆ ಮಣ್ಣೆರಚಬಹುದು. ಈ ಅಕ್ಷರಗಳು ಬಂದಾಗ ಮಾತ್ರ ಪರದೆಯ ಮೇಲಿನ ತುಟಿ ಮುಚ್ಚಿರಲೇಬೇಕು. ಮುಚ್ಚದಿದ್ದರೆ ಎಂಥ ಪೆದ್ದನಿಗೂ ಎಲ್ಲೋ ಏನೋ ಸುಳ್ಳು ಎಂದು ಅನಿಸಿಬಿಡುತ್ತದೆ. ಒಂದರಿಂದ ನಾಲ್ಕು ಎಣಿಸಿ ನೋಡಿ. ಕನ್ನಡಿ ಮುಂದೆ ನಿಂತು ಎಣಿಸಿ, ಯಾರೂ ನೋಡುತ್ತಿಲ್ಲ. ತುಟಿ ಒಂದೇ ಸಲ ಮುಚ್ಚುತ್ತದೆ, ಮೂರು ಅನ್ನುವಲ್ಲಿ.

ಇನ್ನೊಂದು ಸಂಗತಿ. ನಾಯಕಿ ಎಣಿಸಿದ್ದಷ್ಟೇ ಆದ್ದರಿಂದ ಆಕೆಯ ಮಾತನ್ನು ಡಬ್ಬಿಂಗ್ ನಡೆಯುವ ಬೆಳಿಗ್ಗೆಯವರೆಗೂ ಬದಲಾಯಿಸಬಹುದು. ಇದು ನೆನಪಿರಲಿ, ಈ ಕತೆಯ ಪಾಪವೆಲ್ಲ ಇಲ್ಲೇ ಇದೆ.

೩

ಈಗ ದನಿಯಕ್ಕನ ಮನೆ. ಗಂಡನದು ಕನ್ನಡಕದ ಅಂಗಡಿ. ಅತ್ತೆ ಇದ್ದಾರೆ. ಏಳನೇ ಕ್ಲಾಸಿನ ಮಗಳಿದ್ದಾಳೆ. ಗಂಡ ಕುಡಿಯುವವನಲ್ಲ, ಬೈಯುವವನಲ್ಲ, ಎಂದೂ ಕೈ ಎತ್ತಿದವನಲ್ಲ. ಅವನಿಗೆ ಇರುವುದು ಒಂದೇ ಅಭ್ಯಾಸ. ಹೆಂಡತಿಯನ್ನು ಯಾರು ಏನು ಕೇಳಿದರೂ ಉತ್ತರ ಅವನದೇ. ನೆಂಟರು ಬಂದು ಹೇಗಿದ್ದೀಯಮ್ಮ ಅಂದರೆ, ಚೆನ್ನಾಗಿದ್ದಾಳೆ ಅನ್ನುತ್ತಾನೆ. ಹೋಟೆಲಿನಲ್ಲಿ ಕಾಫೀನಾ ಚಹಾನಾ ಅಂದರೆ, ಅವಳಿಗೆ ಬಿಸಿನೀರು ಕೊಡಿ ಅನ್ನುತ್ತಾನೆ. ನಿನ್ನ ಗಂಟಲು ಉಳಿಸ್ತಿದ್ದೀನಿ ಕಣೇ ಅನ್ನುವುದು ಅವನ ಸಮಜಾಯಿಷಿ, ಅದನ್ನು ಅವನು ಮನಸ್ಸಾರೆ ನಂಬಿದ್ದಾನೆ.

ಈ ಕತೆಯ ಮೊದಲ ಡ್ರಾಫ್ಟಿನಲ್ಲಿ ಅವನು ತಟ್ಟೆ ಎಸೆಯುತ್ತಿದ್ದ. ಎಸೆದರೆ ನಿಮಗೂ ಸುಲಭ, ನನಗೂ ಸುಲಭ. ದನಿಯಕ್ಕ ಅದನ್ನು ಓದಿ ಆ ಪುಟದ ಮೇಲೆ ಕೈಯಿಟ್ಟಳು.

"ಅವರನ್ನ ರಾಕ್ಷಸ ಮಾಡ್ಬೇಡಿ ಸಾರ್. ರಾಕ್ಷಸ ಆಗಿದ್ರೆ ನಾನು ಯಾವತ್ತೋ ಹೊರಟುಹೋಗ್ತಿದ್ದೆ."

ಸರಿ, ತಟ್ಟೆ ತೆಗೆದೆ.

ಹೊರಡುವ ಯೋಚನೆ ಆಕೆಗೆ ಬಂದದ್ದು ಗಂಟಲಿನ ಡಾಕ್ಟರ ಕೋಣೆಯಲ್ಲಿ. ದನಿ ಎಷ್ಟು ದಿನದಿಂದ ಒಡೆಯುತ್ತಿದೆ ಎಂದು ಡಾಕ್ಟರು ಆಕೆಯ ಮುಖ ನೋಡಿ ಕೇಳಿದರು. ಒಂದು ವಾರ ಆಯ್ತು ಡಾಕ್ಟ್ರೇ ಎಂದ ಗಂಡ. ಆಗಿದ್ದದ್ದು ನಾಲ್ಕು ತಿಂಗಳು. ಆಕೆ ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಒಂದು ವಾರ ಎಂದು ಬರೆದಾಗಿತ್ತು, ಮೇಜಿನ ಆಚೆಯಿಂದ ತಲೆಕೆಳಗಾಗಿ ಅದನ್ನು ಆಕೆ ಓದಿದಳು. ನಾಳೆ ನನಗೆ ಇನ್ನೂ ದೊಡ್ಡದೇನಾದರೂ ಆದರೂ ಇವರೇ ಹೇಳುತ್ತಾರೆ, ಇವರು ಹೇಳಿದ್ದನ್ನೇ ಡಾಕ್ಟರು ಬರೆದುಕೊಳ್ಳುತ್ತಾರೆ ಅನಿಸಿತು. ಮಾರನೆಯ ದಿನದಿಂದಲೇ ಡಬ್ಬಿಂಗಿಗೆ ಹೋಗುವ ದಾರಿಯಲ್ಲಿ ಬಾಡಿಗೆ ರೂಮುಗಳನ್ನು ನೋಡತೊಡಗಿದಳು.

೪

ಇಲ್ಲಿಯವರೆಗೆ ಸಂಭಾಷಣೆ ಬರೆದ ಮಹಾಶಯ ಅಂತೆಲ್ಲ ಜಾಣತನದಿಂದ ಬರೆದುಕೊಂಡು ಬಂದೆ. ಅದು ನಾನೇ. ಕತೆ ಮುಗಿಯುವವರೆಗೂ ಸೋಫಾದಲ್ಲೇ ಮುದುರಿಕೊಂಡಿರಬಹುದು ಅಂದುಕೊಂಡಿದ್ದೆ, ಆಗಲಿಲ್ಲ.

ಆ ಸಿನಿಮಾ ಒಂದು ಕಾಮಿಡಿ. ಸ್ವಂತ ಕಾಲ ಮೇಲೆ ನಿಲ್ಲುತ್ತೇನೆ ಎಂದು ಹೆಂಡತಿಯೊಬ್ಬಳು ಮನೆ ಬಿಡುತ್ತಾಳೆ. ಬಲ್ಬು ಹಾಕಲು ಹೋಗಿ ಶಾಕ್ ಹೊಡೆಸಿಕೊಳ್ಳುತ್ತಾಳೆ, ಕೂದಲು ನೆಟ್ಟಗೆ ನಿಲ್ಲುತ್ತದೆ. ಸ್ಕೂಟರ್ ಕಲಿಯಲು ಹೋಗಿ ಚರಂಡಿಗೆ ಬೀಳುತ್ತಾಳೆ. ಹಲ್ಲಿ ಕಂಡು ಕಿರುಚಿ ಮೇಜು ಹತ್ತುತ್ತಾಳೆ, ಮೇಜು ಮುರಿಯುತ್ತದೆ. ಆಕೆ ಕಲಿತದ್ದನ್ನು ಒಂದು ಸಲವೂ ತೋರಿಸುವುದಿಲ್ಲ, ಬಿದ್ದದ್ದನ್ನು ಮಾತ್ರ ಮೂರು ಕೋನದಿಂದ ತೋರಿಸುತ್ತೇವೆ. ಕೊನೆಗೆ ಗಂಡ ಹೊಸ ಸ್ಕೂಟರಿನಲ್ಲಿ ಬಂದು ನಿಲ್ಲುತ್ತಾನೆ. ಆಕೆ ಬಾಲ ಮುದುರಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಶುಭಂ.

ಡಬ್ಬಿಂಗಿನ ನಡುವೆ ಒಂದು ಮಧ್ಯಾಹ್ನ ಚಹಾದ ಹೊತ್ತಿಗೆ ದನಿಯಕ್ಕ ನನ್ನ ಪಕ್ಕ ಕೂತು ರೂಮು ಹುಡುಕಿದ ಕತೆಯನ್ನೆಲ್ಲ ಹೇಳಿದಳು. ಯಾರಿಗೂ ಹೇಳಿರದ ಮಾತು. ಮೊದಲನೇ ಮನೆಯವರು ಯಜಮಾನರು ಯಾವಾಗ ಬರುತ್ತಾರೆ ಎಂದು ಕೇಳಿದರು. ಯಜಮಾನರು ಬರುವುದಿಲ್ಲ, ಇರುವವಳು ನಾನು ಅಂದರೆ, ಪರವಾಗಿಲ್ಲ ಅವರು ಬಂದ ಮೇಲೇ ಮಾತಾಡೋಣ ಅಂದರು. ಎರಡನೆಯವರು ಗಂಡನ ಒಪ್ಪಿಗೆ ಪತ್ರ ತನ್ನಿ ಅಂದರು. ಮೂರನೆಯವನು ರೂಮು ತೋರಿಸುತ್ತ ಬಾಗಿಲಿಗೆ ಅಡ್ಡ ನಿಂತ, ಆಕೆ ಪರ್ಸು ಅಪ್ಪಿಕೊಂಡು ಅವನ ತೋಳಿನ ಕೆಳಗೆ ನುಸುಳಿ ಬಂದಳು. ನಾಲ್ಕನೆಯದು ನಿವೃತ್ತ ನರ್ಸಮ್ಮನ ಮನೆಯ ಮೇಲಿನ ಒಂಟಿ ಕೋಣೆ. ನರ್ಸಮ್ಮ ಏನೂ ಕೇಳಲಿಲ್ಲ. ಬಾಗಿಲು ಸ್ವಲ್ಪ ಎತ್ತಿ ಹಾಕ್ಬೇಕು, ಇಲ್ದಿದ್ರೆ ಚಿಲಕ ಕೂರಲ್ಲ ಅಂದರು, ಕೀ ಕೊಟ್ಟರು. ಮಗಳದೂ ಸೇರಿ ಎರಡು ಹಾಸಿಗೆ ಹಿಡಿಯುತ್ತದೆಯೇ ಎಂದು ದನಿಯಕ್ಕ ಹೆಜ್ಜೆಯಲ್ಲಿ ಅಳೆದು ನೋಡಿದ್ದಳು. ಹಿಡಿಯುತ್ತಿತ್ತು.

(ಆ ಕೋಣೆಯ ಕಿಟಕಿಯಿಂದ ಏನು ಕಾಣುತ್ತಿತ್ತು ಎಂದು ಇಲ್ಲಿ ಒಂದು ಸೊಗಸಾದ ಪ್ಯಾರಾ ಇತ್ತು. ಕಿಟಕಿ ಬಿಟ್ಟುಬಿಡಿ ಸಾರ್, ಅದೊಂದು ನನಗಿರಲಿ ಎಂದಳು. ಬಿಟ್ಟಿದ್ದೇನೆ.)

ಆಕೆಗೆ ಅಣಕ ಚೆನ್ನಾಗಿ ಬರುತ್ತದೆ, ಕಸುಬೇ ಅದು. ಆ ಮನೆಯವರ ದನಿಗಳನ್ನೆಲ್ಲ ಮಾಡಿ ತೋರಿಸಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಕೆ ನಗುತ್ತಿರಲಿಲ್ಲ ಎಂಬುದು ಈಗ ನೆನಪಾಗುತ್ತದೆ. ಮಾರನೆಯ ಬೆಳಿಗ್ಗೆ ಸ್ಟ್ಯಾಂಡಿನ ಮೇಲೆ ಹೊಸ ಹಾಳೆ ಇತ್ತು. ಮೊದಲೇ ತೆಗೆದಿದ್ದ ಫೋನಿನ ಶಾಟಿನಲ್ಲಿ ನಾಯಕಿ ಈಗ ಗೆಳತಿಗೆ ಹೇಳುತ್ತಾಳೆ: ರೂಮು ಹುಡುಕಿದೆ, ಮನೆ ಮಾಲೀಕ ಗಂಡನ ಒಪ್ಪಿಗೆ ಪತ್ರ ಕೇಳಿದ, ನಾನೇ ಬರೆದು ಗಂಡನ ಸಹಿ ಹಾಕಿದೆ, ನೋಡಿದರೆ ಅವನು ನನ್ನ ಗಂಡನ ಬಾಲ್ಯಸ್ನೇಹಿತ. ಬಿದ್ದು ಬಿದ್ದು ನಗಬೇಕು, ಹಾಗೆ ಬರೆದಿದ್ದೆ.

ದನಿಯಕ್ಕ ಹಾಳೆಯನ್ನು ಓದಿದಳು. ಗಾಜಿನ ಆಚೆಯಿಂದ ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಮೈಕಿನೆದುರು ಆ ಮಾತುಗಳನ್ನೆಲ್ಲ ಒಂದೇ ಟೇಕಿನಲ್ಲಿ ಹೇಳಿ ಮುಗಿಸಿದಳು. ಸೂಪರ್ ಅಕ್ಕ ಎಂದ ಸೌಂಡಿನವನು. ಆ ದಿನ ಆಕೆ ಚಹಾಕ್ಕೆ ಈಚೆ ಬರಲಿಲ್ಲ.

೫

ಕೊನೆಯ ದಿನ, ಕೊನೆಯ ಶಾಟು. ಗಂಡ ಸ್ಕೂಟರಿನಲ್ಲಿ ಬಂದಿದ್ದಾನೆ. ನಾಯಕಿ ಅಳುತ್ತ ಅವನನ್ನು ನೋಡುತ್ತಾಳೆ, ಏನೋ ಹೇಳುತ್ತಾಳೆ, ಹೋಗಿ ಹಿಂದೆ ಕೂತು ಅವನ ಸೊಂಟ ತಬ್ಬಿಕೊಳ್ಳುತ್ತಾಳೆ. ಆ ಏನೋ ಎಂಬಲ್ಲಿ ನಾನು ಬರೆದದ್ದು: ತಪ್ಪಾಯ್ತು ರೀ, ಮನೆಗೆ ಹೋಗೋಣ.

ಹದಿನೇಳು ಟೇಕ್ ಆಯಿತು. ಕೂರಲಿಲ್ಲ. ನನ್ನ ಮಾತಿನಲ್ಲಿ ತುಟಿ ಎರಡು ಸಲ ಮುಚ್ಚಬೇಕು, ನಾಯಕಿಯ ತುಟಿ ಒಂದೇ ಸಲ ಮುಚ್ಚುತ್ತದೆ, ಅದೂ ತಡವಾಗಿ. ಕ್ಷಮಿಸಿ ಅಂತ ಹಾಕಿ ನೋಡಿದೆವು, ಬುದ್ಧಿ ಬಂತು ಅಂತ ಹಾಕಿ ನೋಡಿದೆವು. ಯಾವ ಪಶ್ಚಾತ್ತಾಪವೂ ಆ ತುಟಿಗಳಿಗೆ ಹೊಂದಲಿಲ್ಲ. ನಿರ್ದೇಶಕರು ಗಡಿಯಾರ ನೋಡತೊಡಗಿದರು.

ಹದಿನೆಂಟನೇ ಸಲ ದನಿಯಕ್ಕ ಹಾಳೆಯನ್ನು ಮಗುಚಿಟ್ಟಳು. ಪರದೆ ನೋಡಿಕೊಂಡು, ಮೆಲ್ಲಗೆ, ತನ್ನ ಸ್ವಂತ ದನಿಯಲ್ಲಿ ಹೇಳಿದಳು.

"ನಾನು ಅಲ್ಲಿಗೆ ಬರೋದಿಲ್ಲ."

ಹೊಂದಿತು. ಒಂದೊಂದು ಅಕ್ಷರವೂ ಹೊಂದಿತು. ಆ ನಾಯಕಿ ಹುಟ್ಟಿದಾಗಿನಿಂದ ಅದನ್ನೇ ಹೇಳಲು ಕಾಯುತ್ತಿದ್ದಳೇನೋ ಎಂಬಂತೆ ಹೊಂದಿತು. ನೀವೂ ಎಣಿಸಿ ನೋಡಿ, ಮೂರರ ಜಾಗಕ್ಕೇ ಬಕಾರ ಬಂದು ಕೂರುತ್ತದೆ. ಸಿನಿಮಾ ಬದಲಾಗಿಬಿಟ್ಟಿತು ಎಂದು ದನಿಯಕ್ಕ ಅಂದುಕೊಂಡಳಂತೆ, ಆಮೇಲೆ ನನಗೆ ಹೇಳಿದಳು. ಇಷ್ಟು ವರ್ಷದಲ್ಲಿ ಬೇರೆಯವರ ಬಾಯಿಂದಾದರೂ ಒಂದು ಸಲ ನನ್ನ ಮಾತು ಆಡಿದೆ ಅನಿಸಿತಂತೆ.

ಶಾಟು ಮುಂದುವರಿಯಿತು. ಅಲ್ಲಿಗೆ ಬರೋದಿಲ್ಲ ಎಂದವಳು ನೆಟ್ಟಗೆ ಹೋಗಿ ಸ್ಕೂಟರ್ ಹತ್ತಿ ಗಂಡನನ್ನು ತಬ್ಬಿಕೊಂಡಳು. ನಿರ್ದೇಶಕರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಗುಂಡಿ ಒತ್ತಿ, ಇದನ್ನೇ ಇಟ್ಕೊಳ್ಳೋಣ ಅಕ್ಕ, ಇದು ಎಲ್ಲಾ ಹೆಂಗಸ್ರ ಕತೆ, ಬಾಯಲ್ಲಿ ಒಂದು ಕಾಲಲ್ಲಿ ಒಂದು ಎಂದರು.

ನಾನೂ ನಕ್ಕೆನೇ? ನಕ್ಕೆ. ಗಾಜಿನ ಆಚೆಯಿಂದ ಆಕೆಗೆ ನಮ್ಮ ಸದ್ದು ಕೇಳಿಸುತ್ತಿರಲಿಲ್ಲ, ಬಾಯಿಗಳಷ್ಟೇ ಕಾಣುತ್ತಿದ್ದವು.

೬

ದನಿಯಕ್ಕನ ಯೋಜನೆ ಹೀಗಿತ್ತು. ಸಿನಿಮಾ ಬಿಡುಗಡೆ ಶುಕ್ರವಾರ. ಆ ಭಾನುವಾರ ಮನೆಯಲ್ಲಿ ಹೇಳಿಬಿಡುವುದು. ಸಿನಿಮಾ ಗೆದ್ದರೆ ಮನೆಯಲ್ಲಿ ನಗು ಇರುತ್ತದೆ, ನಗುತ್ತಿರುವ ಹೊತ್ತಿನಲ್ಲಿ ಹೇಳಿದರೆ ಯಾರಿಗೂ ಹೆಚ್ಚು ನೋವಾಗದು ಎಂದು ಆಕೆಯ ಲೆಕ್ಕಾಚಾರ.

ಗೆದ್ದಿತು. ಶನಿವಾರ ಮ್ಯಾಟಿನಿಗೆ ಗಂಡ ಇಡೀ ಮನೆಯನ್ನು ಕರೆದುಕೊಂಡು ಹೋದ. ಒಪ್ಪಿಗೆ ಪತ್ರದ ಸೀನಿಗೆ ಜನ ಕುರ್ಚಿ ಬಡಿದರು. ಕೊನೆಯ ಮಾತಿಗೆ ಥಿಯೇಟರು ಬಿದ್ದುಹೋಗುವ ಹಾಗೆ ನಕ್ಕಿತು. ಗಂಡ ಕಣ್ಣೊರೆಸಿಕೊಳ್ಳುತ್ತ ಪಕ್ಕದ ಸೀಟಿನ ಅಪರಿಚಿತನ ತೊಡೆ ತಟ್ಟಿ, ಅದು ನನ್ ಹೆಂಡ್ತಿ ವಾಯ್ಸು ಸಾರ್ ಎಂದ. ಅಪರಿಚಿತ ಬಗ್ಗಿ ನೋಡಿ, ಹೌದಾ ಮೇಡಂ ಎಂದು ಕೇಳಿದ. ಹೌದು ಎಂದ ಗಂಡ.

ಬಾಗಿಲ ಬಳಿ ಗುರುತಿನವರು ಸಿಕ್ಕಾಗ ಗಂಡ, ಹೇಳೇ, ಒಂದ್ಸಲ ಹೇಳು ಎಂದ. ಹದಿನೈದು ವರ್ಷದ ಸಂಸಾರದಲ್ಲಿ ಅವನು ತಾನು ಸುಮ್ಮನಾಗಿ ಹೆಂಡತಿಗೆ ಮಾತು ಬಿಟ್ಟುಕೊಟ್ಟದ್ದು ಅದೇ ಮೊದಲು. ಆಕೆ ಹೇಳಿದಳು. ಎಲ್ಲರೂ ನಕ್ಕರು. ಆಟೋದಲ್ಲಿ ಇನ್ನೊಮ್ಮೆ ಹೇಳಿದಳು, ಮನೆ ಮುಂದೆ ಎದುರುಮನೆಯವರಿಗಾಗಿ ಮತ್ತೊಮ್ಮೆ. ಸಂಜೆಯೊಳಗೆ ಅದು ಯಾರಯಾರದೋ ಫೋನುಗಳಲ್ಲಿ ರಿಂಗ್‌ಟೋನ್ ಆಗಿ ಕೂಗುತ್ತಿತ್ತು.

ನನ್ನಿಂದ ಕಿತ್ತುಕೊಂಡದ್ದು ಆ ಒಪ್ಪಿಗೆ ಪತ್ರದ ತಮಾಷೆ ಒಂದೇ ಆಗಿದ್ದರೆ ತಡ್ಕೋತಿದ್ದೆ ಸಾರ್ ಎಂದಳು ಆಕೆ, ಆ ರಾತ್ರಿ ಫೋನಿನಲ್ಲಿ. ಈಗ ಹೋಗ್ತೀನಿ ಅನ್ನೋಕೆ ಮಾತೇ ಉಳಿಸಿಲ್ಲ ನೀವು.

ಮಾತು ಆಡಿದ್ದು ನೀನೇ ಅಲ್ಲವೇನಕ್ಕ, ನಾನು ಬರೆದಿರಲಿಲ್ಲವಲ್ಲ ಎಂದು ಕೈತೊಳೆದುಕೊಳ್ಳಲು ನೋಡಿದೆ. ಆಕೆ ಉತ್ತರ ಕೊಡಲಿಲ್ಲ. ಕೊಡದೇ ಇದ್ದದ್ದನ್ನು ನಾನು ಬರೆದುಕೊಂಡೆ, ನೋಡಿ ನನ್ನ ಬುದ್ಧಿ.

೭

ಭಾನುವಾರಕ್ಕೆ ನನ್ನ ಬಳಿ ಮೂರು ಡ್ರಾಫ್ಟುಗಳಿವೆ.

ಡ್ರಾಫ್ಟ್ ಒಂದು. ಆಕೆ ಏನೂ ಹೇಳದೆ, ಡಬ್ಬಿಂಗ್ ಇದೆ ಎಂದು ಮಗಳ ಕೈ ಹಿಡಿದು ಹೊರಡುತ್ತಾಳೆ. ನರ್ಸಮ್ಮನ ಕೋಣೆಯ ಬಾಗಿಲನ್ನು ಸ್ವಲ್ಪ ಎತ್ತಿ ಚಿಲಕ ಹಾಕುತ್ತಾಳೆ. ಓದಿ ನೋಡಿದ ದನಿಯಕ್ಕ ಬೇಡ ಎಂದಳು. ಕಳ್ಳಿಯ ಹಾಗೆ ಹೋಗಲಾರೆ, ಹೇಳಿಯೇ ಹೋಗಬೇಕು, ಹೇಳುವುದಕ್ಕೇ ಅಲ್ಲವೇ ಹೋಗುತ್ತಿರುವುದು ಎಂದಳು.

ಡ್ರಾಫ್ಟ್ ಮೂರು. (ಎರಡನೆಯದರಲ್ಲಿ ಗಂಡನಿಗೆ ಹೃದಯಾಘಾತ ಆಗುತ್ತಿತ್ತು. ನಾಚಿಕೆಯಾಗಿ ತೆಗೆದೆ.) ಆಕೆ ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ಕೊನೆಗೆ ಆಕೆಯೂ ನಗುತ್ತಾಳೆ, ಕೀ ವಾಪಸು ಹೋಗುತ್ತದೆ. ಇದು ಚೆನ್ನಾಗಿ ಬಂದಿತ್ತು. ಕೊನೆಯ ಸಾಲಿಗೆ ನನಗೇ ಕಣ್ಣು ತುಂಬಿತು. ಆಮೇಲೆ ಹೊಳೆಯಿತು, ಇದು ನಮ್ಮ ಸಿನಿಮಾದ ಕೊನೆಯೇ, ಸ್ಕೂಟರ್ ಒಂದಿಲ್ಲ ಅಷ್ಟೆ.

ಈ ನಡುವೆ ನಿರ್ದೇಶಕರ ಫೋನು. ಭಾಗ ಎರಡು ಮಾಡುತ್ತಾರಂತೆ. ಆ ಹೆಂಗಸು ಮತ್ತೆ ಮನೆ ಬಿಡಬೇಕಂತೆ. ಏನಾದ್ರೂ ನಿಜವಾದ್ದು ಹುಡುಕಿ, ನಿಜ ಇದ್ರೆನೇ ಜನ ನಗೋದು ಎಂದರು. ಹೋದ್ಲು ಅಂತ ಬರೆದ್ರೂ ಸರಿ, ಇಲ್ಲೇ ಉಳಿದ್ಲು ಅಂತ ಬರೆದ್ರೂ ಸರಿ, ಎರಡರಲ್ಲೂ ಕಾಮಿಡಿ ಇದೆ ಎಂದರು. ಅವರು ಹೇಳಿದ್ದು ಖರೆ, ಅದೇ ನನ್ನ ಭಯ.

ಹಾಗಾಗಿ ಕೇಳಿ. ಆ ಭಾನುವಾರ ಏನಾಯಿತು ಎಂಬುದು ನನಗೆ ಗೊತ್ತು. ದನಿಯಕ್ಕ ಈಗ ಯಾವ ಬಾಗಿಲಿನ ಹಿಂದೆ ಮಲಗುತ್ತಾಳೆ ಎಂಬುದೂ ಗೊತ್ತು. ಹೇಳುವುದಿಲ್ಲ. ಆಕೆ ನಂಬಿ ಹೇಳಿದ್ದನ್ನು ಒಂದು ಸಲ ನಾಲ್ಕು ಜನರಿಗೆ ಹೇಳಿ ಏನಾಯಿತೆಂದು ನೋಡಿದ್ದೇನೆ. ಸಿಟ್ಟು ಬಂದರೆ ಪುಸ್ತಕ ಮುಚ್ಚಿ. ಆದರೆ ಗೊತ್ತಿರುವುದರಲ್ಲಿ ಅರ್ಧವನ್ನು, ಇದನ್ನು ಬರೆಯಬಹುದು ಎಂದು ದನಿಯಕ್ಕನೇ ಒಪ್ಪಿದ ಅರ್ಧವನ್ನು, ಇಲ್ಲಿ ಇಡುತ್ತೇನೆ.

೭, ಮತ್ತೊಮ್ಮೆ

ಭಾನುವಾರ ಮಧ್ಯಾಹ್ನ, ಊಟದ ಮೇಜು. ಗಂಡ, ಅತ್ತೆ, ಮಗಳು. ಕೀ ದನಿಯಕ್ಕನ ಎಡಗೈಯಲ್ಲಿತ್ತು, ಮೇಜಿನ ಕೆಳಗೆ. ಆಕೆ ನೀರು ಕುಡಿದು ಗಂಟಲು ಸರಿಮಾಡಿಕೊಂಡಳು.

"ನಾನು ಇನ್ನು ಇಲ್ಲಿರೋದಿಲ್ಲ. ಬೇರೆ ರೂಮು ನೋಡಿದ್ದೀನಿ."

ಗಂಡನ ಬಾಯಿಯ ತುತ್ತು ಹೊರಗೆ ಚಿಮ್ಮಿತು, ಅಷ್ಟು ನಗು. ಅಮ್ಮಾ, ಕೇಳಿದ್ಯಾ, ಭಾಗ ಎರಡು ಶುರು ಆಯ್ತು ಎಂದ. ಅತ್ತೆಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಗಳು ಕುರ್ಚಿಯ ಮೇಲೆ ಕುಣಿದಳು. ದನಿಯಕ್ಕ ಇನ್ನೊಮ್ಮೆ ಹೇಳಿದಳು, ಈ ಸಲ ಇನ್ನೂ ಮೆಲ್ಲಗೆ. ಹತ್ತೊಂಬತ್ತು ವರ್ಷ ತಿದ್ದಿದ ದನಿ, ಎಷ್ಟು ಮೆಲ್ಲಗೆ ಹೇಳಿದರೂ ಥಿಯೇಟರಿನಲ್ಲಿ ಕೇಳಿದ ಹಾಗೇ ಕೇಳಿಸುತ್ತದೆ. ಸಿನಿಮಾಕ್ಕಿಂತ ಇದೇ ಚೆನ್ನಾಗಿದೆ ಎಂದ ಗಂಡ, ಫೋನು ತೆಗೆದು ರೆಕಾರ್ಡ್ ಮಾಡಲು ಹಿಡಿದ.

ಮೂರನೇ ಸಲ ಹೇಳುವಾಗ ಮಗಳು ಕುಣಿಯುವುದನ್ನು ನಿಲ್ಲಿಸಿದಳು. ಅಮ್ಮನ ಕೈ ಮೇಜಿನ ಕೆಳಗೆ ಏನನ್ನೋ ಬಿಗಿಯಾಗಿ ಹಿಡಿದಿರುವುದು ಅವಳಿಗೆ ಕಂಡಿತ್ತು. ಅಮ್ಮಾ, ನಿಜವಾಗ್ಲೂ ಹೋಗ್ತೀಯಾ ಎಂದು ಕೇಳಿದಳು.

ತಮಾಷೆ ಕಣೇ ಪುಟ್ಟಾ, ಸಿನಿಮಾದ್ದು ಎಂದ ಗಂಡ.

ಮಗಳು ಅವನ ಕಡೆ ತಿರುಗಲಿಲ್ಲ.

"ಅಪ್ಪಾ, ನಾನು ಅಮ್ಮನ್ನ ಕೇಳಿದ್ದು."

ಫೋನು ಹಿಡಿದ ಕೈ ಹಾಗೇ ನಿಂತಿತು. ಅತ್ತೆ ಸೆರಗು ಕೆಳಗಿಳಿಸಿದರು. ಉತ್ತರಕ್ಕೆಂದು ಗಂಡನ ಬಾಯಿ ತೆರೆದಿತ್ತು, ಅವನು ಅದನ್ನು ಮುಚ್ಚಿದ.

ದನಿಯಕ್ಕನ ತುಟಿ ಅಲುಗುತ್ತಿದೆ. ಇಲ್ಲಿಗೆ ಮಾತು ಬರೆಯಬೇಕಾದವನು ನಾನು, ಬರೆದೂ ಇಟ್ಟಿದ್ದೆ, ಒಳ್ಳೆಯ ಮಾತೇ ಆಗಿತ್ತು. ಅದನ್ನು ಅಳಿಸಿದ್ದೇನೆ. ಮೈಕು ಆರಿಸಿ, ಸೋಫಾದಿಂದ ಎದ್ದು, ನಾನು ಹೊರಗೆ ಹೋಗುತ್ತಿದ್ದೇನೆ.